ತೂಕ ಇಳಿಯದ ಕೋಲು

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿರಲಿಲ್ಲ. ಬೆಟ್ಟದ ಬುಡದ ಆ ವಸತಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಯಾಕಕ್ಕ. ಮಾತಿಗೆ ಮುಂಚೆ ಒಂದು "ಯಾಕೆ", ಮಾತು ಮುಗಿದ ಮೇಲೆ ಇನ್ನೊಂದು "ಯಾಕೆ". ಮದುವೆಯಾಗಿ ಬಂದ ಹೊಸತರಲ್ಲಿ ಒಲೆಯ ಮುಂದೆ ಕೂತು, ಹಸಿ ಕಟ್ಟಿಗೆಯ ತುದಿಯಲ್ಲಿ ನೊರೆ ಬರುವುದನ್ನು ನೋಡುತ್ತ ನೋಡುತ್ತ ಹಾಲನ್ನೆಲ್ಲ ಉಕ್ಕಿಸಿಬಿಟ್ಟಿದ್ದಳು. "ಹಾಲು ಯಾಕಮ್ಮಾ ಉಕ್ಕಿತು?" ಎಂದು ಅತ್ತೆ ಸಿಡುಕಿದರೆ, "ಅದೇ ಅತ್ತೆ ನಾನೂ ಯೋಚನೆ ಮಾಡ್ತಿದ್ದೆ, ಹಾಲು ಉಕ್ಕುತ್ತೆ, ನೀರು ಯಾಕೆ ಹಾಗೆ ಉಕ್ಕಲ್ಲ?" ಎಂದಳಂತೆ. ಅತ್ತೆ ಹಣೆ ಹಣೆ ಚಚ್ಚಿಕೊಂಡು ಆವತ್ತೇ ಈ ಹೆಸರಿಟ್ಟರು. ಅಂದು ಅಂಟಿಕೊಂಡ ಹೆಸರು ತಲೆಯಲ್ಲಿ ನರೆ ಕಾಣಿಸಿಕೊಂಡರೂ ಬಿಟ್ಟುಹೋಗಿರಲಿಲ್ಲ.

ಕಾಡಿನ ಬೆಂಕಿ ಕಾಯುವುದು ಆ ಮನೆಯ ಕಸುಬು. ಮಾವ ಬೆಂಕಿ ದಳದಲ್ಲಿದ್ದು ಬೆಟ್ಟದ ಇಂಚಿಂಚನ್ನೂ ತುಳಿದವರು, ಈಗಿಲ್ಲ. ಗಂಡ ದಳದ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಮೈದುನ ದಳದ ಮೇಸ್ತ್ರಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು, ಮನಸ್ಸು ಮಾತ್ರ ಬೆಣ್ಣೆ. ಯಾಕಕ್ಕನ ಪಾಲಿಗೆ ಬಂದದ್ದು ಹವಾಮಾನದ ಅಂಗಳ. ಮೊದಲು ನೋಡಿಕೊಳ್ಳುತ್ತಿದ್ದ ಮುದುಕರು ಕೆಲಸ ಬಿಡುವಾಗ, "ಇದಕ್ಕೆ ಬೇಕಾಗಿರೋದು ಕುತೂಹಲ ಇರೋರು, ಮಿಕ್ಕಿದ್ದನ್ನ ಕಲಿಸಬಹುದು" ಎಂದು ಇವಳ ಕಡೆ ಬೆರಳು ತೋರಿಸಿ ಹೋಗಿದ್ದರು.

ಅಂಗಳವೆಂದರೆ ದೊಡ್ಡದೇನಲ್ಲ. ದಳದ ಗುದ್ದಲಿ ಸಲಿಕೆ ಇಡುವ ಆಯುಧದ ಕೋಣೆಯ ಪಕ್ಕ ತಂತಿ ಬೇಲಿ ಹಾಕಿದ ಒಂದು ತುಂಡು ನೆಲ. ನಡುವೆ ನಾಲ್ಕು ಕಾಲಿನ ಮೇಲೆ ಬಿಳಿ ಬಣ್ಣದ ಮರದ ಪೆಟ್ಟಿಗೆ, ಗೋಡೆಗಳಿಗೆ ಕಿಟಕಿಯ ಪಟ್ಟಿಗಳ ಹಾಗೆ ಸೀಳುಗಳು. ಒಳಗೆ ಎರಡು ಉಷ್ಣಮಾಪಕಗಳು. ಒಂದು ಬರಿಗಾಲಲ್ಲಿ ನಿಂತಿದ್ದರೆ ಇನ್ನೊಂದರ ಕಾಲಿಗೆ ಸದಾ ಒದ್ದೆ ಬಟ್ಟೆ. ಗಾಳಿ ಒಣಗಿದಷ್ಟೂ ಒದ್ದೆ ಕಾಲಿನದು ತಣ್ಣಗಾಗುತ್ತದೆ, ಎರಡರ ನಡುವಿನ ಅಂತರ ನೋಡಿ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಹೇಳಬೇಕು. ಮೂಲೆಯ ಕಂಬದ ತುದಿಯಲ್ಲಿ ಮೂರು ಬಟ್ಟಲುಗಳು ಗಾಳಿಗೆ ಗಿರಗಿರ ತಿರುಗುತ್ತವೆ. ಇವೆಲ್ಲ ಸರಿಯೇ. ಆದರೆ ಯಾಕಕ್ಕನ ಜೀವವಿದ್ದದ್ದು ನೆಲದಿಂದ ಮೊಣಕಾಲೆತ್ತರಕ್ಕೆ ಎರಡು ಕವೆಗೋಲುಗಳ ಮೇಲೆ ಮಲಗಿಸಿಟ್ಟ ಕೋಲಿನಲ್ಲಿ.

ಎಲ್ಲರೂ ಕೋಲು ಎನ್ನುತ್ತಿದ್ದರೂ ಅದು ಸಣ್ಣ ಏಣಿಯ ಹಾಗೆ ಜೋಡಿಸಿದ ನಾಲ್ಕು ನುಣುಪು ಕಡ್ಡಿಗಳ ಕಟ್ಟು. ಒಲೆಯಲ್ಲಿ ಚೆನ್ನಾಗಿ ಒಣಗಿಸಿದಾಗ ಸರಿಯಾಗಿ ನೂರು ಗ್ರಾಂ ತೂಗುವಂತೆ ಮಾಡಿರುತ್ತಾರೆ. ಆಮೇಲೆ ಬಿಸಿಲಿಗೆ, ಇಬ್ಬನಿಗೆ, ಮಳೆಗೆ ಬಿಟ್ಟುಬಿಡುವುದು. ಬೆಟ್ಟದ ಮೇಲೆ ಬಿದ್ದ ರೆಂಬೆ ಕಡ್ಡಿಗಳಿಗೆ ಏನಾಗುತ್ತದೋ ಅದಕ್ಕೂ ಅದೇ ಆಗುತ್ತದೆ. ದಿನಾ ಮಧ್ಯಾಹ್ನ ತಕ್ಕಡಿಗಿಟ್ಟಾಗ ನೂರರ ಮೇಲೆ ಎಷ್ಟು ಗ್ರಾಂ ಹೆಚ್ಚು ತೂಗಿತೋ, ಬೆಟ್ಟದ ಸೌದೆಯಲ್ಲಿ ನೂರಕ್ಕೆ ಅಷ್ಟು ಪಾಲು ನೀರಿದೆ ಎಂದರ್ಥ. ಒಂದು ಬೆಟ್ಟವನ್ನೇ ತಕ್ಕಡಿಯಲ್ಲಿ ಇಟ್ಟು ತೂಗಿದ ಹಾಗೆ ಎಂದು ಯಾಕಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು, ಹೇಳುವಾಗ ಮುಖ ಊರಗಲವಾಗುತ್ತಿತ್ತು.

ಆ ಕೋಲಿಗೊಂದು ಮಡಿ ಇತ್ತು. ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಕೂಡ ತೂಕವೇ ಅಲ್ಲವೇ? ಒಗೆದ ಬಟ್ಟೆಯಲ್ಲಿ ತುದಿ ಹಿಡಿದು, ಎಳೆ ಕೂಸನ್ನು ಎತ್ತಿದ ಹಾಗೆ ಎತ್ತಿ ತಕ್ಕಡಿಯ ಮೇಲಿಟ್ಟು, ಹಾಗೆಯೇ ವಾಪಸು ಮಲಗಿಸುವುದು. ಗಂಡ ತಮಾಷೆ ಮಾಡುತ್ತಿದ್ದ: "ನಮ್ಮ ಮಕ್ಕಳನ್ನೂ ನೀನು ಇಷ್ಟು ಜೋಪಾನವಾಗಿ ಎತ್ತಿಲ್ಲ."

"ಅವು ಅಳ್ತಿದ್ವು, ಗೊತ್ತಾಗ್ತಿತ್ತು. ಇದಕ್ಕೆ ಬಾಯಿಲ್ಲವಲ್ಲ" ಎನ್ನುವಳು.

ಆ ವರ್ಷ ಬೇಸಗೆ ಕಾಲಿಟ್ಟದ್ದೇ ಹುಬ್ಬು ಗಂಟಿಕ್ಕಿಕೊಂಡು. ಹುಲ್ಲು ಹಳದಿಗೆ ತಿರುಗುವ ಮೊದಲೇ ಮೂಡಣ ಬೆಟ್ಟಸಾಲಿನಲ್ಲಿ ಹೊಗೆ ಕಾಣಿಸಿತ್ತು. ಬೆಳಿಗ್ಗೆ ಸೂರ್ಯ ಹುಟ್ಟುವಾಗ ತಾಮ್ರದ ತಟ್ಟೆ ತೊಳೆಯದೆ ಇಟ್ಟ ಹಾಗೆ ಮಸುಕು. ಯಾಕಕ್ಕನ ಗಂಡ ಟ್ಯಾಂಕರ್ ತೆಗೆದುಕೊಂಡು ಆ ಕಡೆಗೆ ಹೋದವನು ಇನ್ನೂ ಬಂದಿರಲಿಲ್ಲ. ದಿನಾ ಮಧ್ಯಾಹ್ನ ವೈರ್‌ಲೆಸ್ಸಿನಲ್ಲಿ ಸುತ್ತಲಿನ ಬೆಂಕಿ ದಳದ ಠಾಣೆಗಳೆಲ್ಲ ಒಂದೊಂದಾಗಿ ತಮ್ಮ ಲೆಕ್ಕ ಒಪ್ಪಿಸುತ್ತಿದ್ದವು. ಕೇಳಿಸಿಕೊಳ್ಳುತ್ತಿದ್ದವರು ದೂರದ ಕಚೇರಿಯ ಒಬ್ಬ ಹೆಂಗಸು. ಯಾರೂ ಮುಖ ನೋಡಿದವರಲ್ಲ, ಹೀಗಾಗಿ ಎಲ್ಲರ ಬಾಯಲ್ಲೂ ಕಚೇರಿಯಮ್ಮ. ಮೂಡಣ ಠಾಣೆಯ ಕೋಲು ಆರಕ್ಕೆ ಬಂತು, ಹೊಳೆಯಾಚೆಯದು ಏಳಕ್ಕೆ ಬಂತು. ಯಾಕಕ್ಕನದು ಮಾತ್ರ ಹದಿಮೂರರಲ್ಲಿ ಕಾಲು ಮಡಚಿ ಕೂತಿತ್ತು.

ಇದರಲ್ಲಿ ಒಂದು ಲಾಭವಿತ್ತು. ಬೇಸಗೆಯ ಶುರುವಿನಲ್ಲಿ ವಸತಿಗೂ ಬೆಟ್ಟಕ್ಕೂ ನಡುವೆ ಒಂದು ಅಗಲವಾದ ಪಟ್ಟಿಯ ಹುಲ್ಲನ್ನು ದಳದವರೇ ಸುಟ್ಟುಬಿಡುತ್ತಾರೆ. ಅದಕ್ಕೆ ಬೆಂಕಿ ರೇಖೆ ಎನ್ನುವುದು. ಮುಂದೆ ಬೆಟ್ಟದಿಂದ ದೊಡ್ಡ ಬೆಂಕಿ ಇಳಿದು ಬಂದರೂ ಆ ಕರಿ ಪಟ್ಟಿಯಲ್ಲಿ ತಿನ್ನಲು ಏನೂ ಸಿಗದೆ ನಿಂತುಬಿಡಬೇಕು. ಆದರೆ ಇದಕ್ಕೊಂದು ಹದ ಉಂಟು. ಕೋಲು ಹದಿನೈದರ ಮೇಲಿದ್ದರೆ ಹುಲ್ಲು ಹೊಗೆಯಾಡುತ್ತದೆ, ಉರಿಯುವುದಿಲ್ಲ. ಹತ್ತರ ಕೆಳಗಿಳಿದರೆ ಕಡ್ಡಿ ಗೀರುವುದೇ ತಪ್ಪು, ಹಚ್ಚಿದವನ ಕೈ ಮೀರಿ ಓಡುತ್ತದೆ. ಉಳಿದ ಠಾಣೆಗಳಲ್ಲಿ ಹದ ದಾಟಿಹೋಗಿತ್ತು, ಅಲ್ಲೆಲ್ಲ ಗುದ್ದಲಿ ಹಿಡಿದು ಕೆರೆಯುತ್ತಿದ್ದರು. ಇವರ ಕೋಲು ಹದಿಮೂರು ಎನ್ನುತ್ತಿರುವಾಗ ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟು ಉದ್ದದ ಪಟ್ಟಿಯನ್ನು ಗುದ್ದಲಿಯಲ್ಲಿ ಕೆರೆಯುವುದೆಂದರೆ ಬೆನ್ನು ಬಿಲ್ಲಾಗುವ ಕೆಲಸ. ಸುಟ್ಟರೆ ಊಟದ ಹೊತ್ತಿಗೆ ಮುಗಿಯುತ್ತದೆ. ಕಚೇರಿಯಮ್ಮನೂ ಒಪ್ಪಿಗೆ ಕೊಟ್ಟರು. ಕೊಡುವಾಗ ಒಂದು ಮಾತು ಸೇರಿಸಿದರು:

"ನಿಮ್ಮ ಕೋಲು ಬಹಳ ಗಟ್ಟಿ ಸ್ವಭಾವದ್ದು ಕಣಮ್ಮ. ನಮ್ಮತ್ತೆ ಕೂಡ ವಾರದಲ್ಲಿ ಇದಕ್ಕಿಂತ ಜಾಸ್ತಿ ಮನಸ್ಸು ಬದಲಾಯಿಸ್ತಾರೆ."

ನಗುತ್ತ ಹೇಳಿದ ಮಾತು. ಯಾಕಕ್ಕನೂ ನಕ್ಕಳು. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ದಳದವರು ಹೊರಡುವ ಸಡಗರ. ಮೇಸ್ತ್ರಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತೇ ಚಹಾ ಕುಡಿಯುತ್ತಿದ್ದ. ಅತ್ತೆ ಜಗುಲಿಯ ಮೇಲೆ ಕಾಲು ಚಾಚಿ ಕೂತು ಹೋಗುವವರನ್ನೆಲ್ಲ ಬಾಯಲ್ಲೇ ನೇವರಿಸುತ್ತಿದ್ದರು: "ಏ ಉದ್ದಪ್ಪ, ನೀರಿನ ಡಬ್ಬಿ ತಗೊಂಡೆಯಾ? ನೆತ್ತಿ ಮಾತ್ರ ಬೆಳೆಸ್ಕೊಂಡಿದ್ದೀಯ, ಅದರೊಳಗೆ ಏನೂ ಹಾಕ್ಕೊಳ್ಳಲಿಲ್ಲ." ಉದ್ದಪ್ಪ ದಳದಲ್ಲೇ ಎತ್ತರದ ಆಳು, ಬೈಸಿಕೊಳ್ಳದೆ ಹೊರಟರೆ ಅವನಿಗೆ ದಾರಿ ಸಾಗುತ್ತಿರಲಿಲ್ಲ.

"ಅತ್ತಿಗೆ, ಒಂದು ಒಳ್ಳೆ ಮಾತು ಹೇಳಿ ಕಳಿಸು" ಎಂದ ಮೇಸ್ತ್ರಿ.

"ಕೋಲು ಯಾಕೆ ಇಳೀತಾ ಇಲ್ಲ?"

"ಇದಾ ಒಳ್ಳೆ ಮಾತು?"

"ಅಲ್ಲ, ಮೊನ್ನೆ ಮೊನ್ನೆ ನಾಲ್ಕು ಹನಿ ಮಳೆ ಬಂತಲ್ಲ, ಆಗ ಏರಿತು. ಸರಿ. ಆಮೇಲೆ ಬಿಸಿಲು ಈ ಪಾಟಿ ಕಾಯ್ತು. ಒದ್ದೆ ಬಟ್ಟೆಯ ಉಷ್ಣಮಾಪಕ ನೋಡಿದ್ರೆ ಗಾಳೀಲಿ ಹನಿ ನೀರಿಲ್ಲ ಅನ್ನುತ್ತೆ. ಹುಲ್ಲನ್ನ ಮುಷ್ಟೀಲಿ ಹಿಡಿದ್ರೆ ಹಪ್ಪಳದ ಹಾಗೆ ಪುಡಿಯಾಗುತ್ತೆ. ಕೋಲು ಮಾತ್ರ ಹದಿಮೂರು, ಹದಿಮೂರು, ಹದಿಮೂರು."

"ಮುಷ್ಟಿ ಮಾತು ಕೇಳಬೇಡಿ, ಕೋಲಿನ ಮಾತು ಕೇಳಿ ಅಂತ ನಮಗೆ ವರ್ಷವಿಡೀ ಪಾಠ ಹೇಳಿದವಳು ನೀನು. ಈಗ ನೀನೇ ಕೋಲಿನ ಮೇಲೆ ಮುನಿಸ್ಕೊಂಡ್ರೆ?"

ಅದು ನಿಜವೇ ಆಗಿತ್ತು.

"ನೋಡು," ಎಂದ ಅವನು ಲೋಟ ಕೆಳಗಿಟ್ಟು, "ಅಣ್ಣ ಟ್ಯಾಂಕರ್ ತಗೊಂಡು ಅಲ್ಲಿದ್ದಾನೆ. ನಾಳೆ ಮೂಡಣದ ಬೆಂಕಿ ಈ ಕಡೆ ತಿರುಗಿದ್ರೆ ಈ ಮನೆಗಳಿಗೆ ಅಡ್ಡ ಏನಿದೆ? ಏನೂ ಇಲ್ಲ. ಇವತ್ತು ಕಚೇರಿ ಒಪ್ಪಿದೆ, ಗಾಳಿ ಒಪ್ಪಿದೆ. ನೀನೊಬ್ಬಳು ಒಪ್ಪಿಬಿಡು."

"ಟ್ಯಾಂಕರ್ ಇಲ್ಲದೆ ಹಚ್ಚೋದಾ?"

"ಹದಿಮೂರಕ್ಕೆ ಟ್ಯಾಂಕರ್ ಯಾಕೆ? ಬಡಿದು ಆರಿಸೋ ಬಡಿಗೆ ಸಾಕು." ಅಷ್ಟು ಹೇಳಿ, ಬೆಂಕಿ ಹನಿಸುವ ಡಬ್ಬಿಯನ್ನು ಹೆಗಲಿಗೇರಿಸಿ, ದಳದವರನ್ನು ಕರೆದುಕೊಂಡು ಏರುದಾರಿ ಹಿಡಿದ.

ಅವರ ಬೆನ್ನು ಮರೆಯಾಗುವುದನ್ನೇ ಕಾದವಳಂತೆ ಯಾಕಕ್ಕ ಅಂಗಳಕ್ಕೆ ಹೋದಳು. ಯಾವುದಾದರೂ ಒಂದು ಸುಳ್ಳು ಹೇಳುತ್ತಿದೆ: ಇಲ್ಲ ಹುಲ್ಲು, ಇಲ್ಲ ಗಾಳಿ, ಇಲ್ಲ ಕೋಲು, ಇಲ್ಲ ತಕ್ಕಡಿ. ಹುಲ್ಲಿಗೆ ಸುಳ್ಳು ಹೇಳುವ ಅಗತ್ಯವೇನು? ಒಂದೊಂದನ್ನೇ ಹಿಡಿದು ವಿಚಾರಿಸಿಕೊಳ್ಳುವುದು ಎಂದು ಸೆರಗು ಸಿಕ್ಕಿಸಿದಳು.

ಮೊದಲು ತಕ್ಕಡಿ. ಅದಕ್ಕೆ ಸಮ ನೆಲ ಸಿಕ್ಕಿದೆಯೇ ಎಂದು ತಟ್ಟೆಯಲ್ಲಿ ನೀರು ಹಾಕಿ ನೋಡಿದಳು. ಸಿಕ್ಕಿತ್ತು. ಕಬ್ಬಿಣದ ತೂಕದ ಬಟ್ಟುಗಳನ್ನಿಟ್ಟು ತೂಗಿದಳು. ಕೂದಲೆಳೆ ವ್ಯತ್ಯಾಸವಿಲ್ಲ. ತಕ್ಕಡಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ಆಮೇಲೆ ಕವೆಗೋಲುಗಳ ಸುತ್ತ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಕೆಳಗಿನ ನೆಲ ಒದ್ದೆಯಾಗಿಲ್ಲ, ಹತ್ತಿರದಲ್ಲಿ ಯಾರೂ ಬಟ್ಟೆ ಒಣಹಾಕಿಲ್ಲ, ಕಣಜದ ಹುಳ ಕಡ್ಡಿಗಳ ಸಂದಿಯಲ್ಲಿ ಮಣ್ಣಿನ ಗೂಡು ಮಾಡಿಲ್ಲ. ಹಿಂದೊಮ್ಮೆ ಹಾಗೆ ಮಾಡಿ ಆ ಹುಳ ಇಡೀ ಬೆಟ್ಟಕ್ಕೆ ಲೆಕ್ಕದಲ್ಲಿ ಒಂದು ವಾರ ಮಳೆ ಬರಿಸಿತ್ತು.

ಹಾಗಾದರೆ ಕೋಲೇ. ಬಟ್ಟೆಯಲ್ಲಿ ಹಿಡಿದೆತ್ತಿ ಬೆಳಕಿಗೆ ತಿರುಗಿಸಿದಳು. ಆಗ ಒಂದು ವಿಚಿತ್ರ ಕಂಡಿತು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕೂದಲು ಬಿರುಕು ಬಿಟ್ಟಿರಬೇಕಾದ ಕಡ್ಡಿಗಳು ಮದುವಣಗಿತ್ತಿಯ ಕೆನ್ನೆಯ ಹಾಗೆ ನಯವಾಗಿ ಹೊಳೆಯುತ್ತಿದ್ದವು. ಮೇಲೆ ಮೂಡಣದ ಹೊಗೆಯ ಬೂದಿಯ ಸಣ್ಣ ಸಣ್ಣ ಕಣಗಳು. ಬಾಯಲ್ಲಿ ಊದಿದಳು. ಹಾರಲಿಲ್ಲ. ಯಾಕೆ ಹಾರಲಿಲ್ಲ? ಒಣಮರದ ಮೇಲಿನ ಬೂದಿ ಊದಿದರೆ ಹಾರಬೇಕು.

ಉಷ್ಣಮಾಪಕದ ಬಟ್ಟೆಗೆ ಹಾಕುವ ನೀರಿನ ಸೀಸೆಯಿಂದ ಒಂದು ಹನಿಯನ್ನು ಬೆರಳ ತುದಿಯಲ್ಲಿ ತಂದು ಕಡ್ಡಿಯ ಮೇಲೆ ಬಿಟ್ಟಳು. ಬರಿ ಮರವಾಗಿದ್ದರೆ ಬಾಯಾರಿದವನ ಹಾಗೆ ಹೀರಿಕೊಂಡು ಒಂದು ಕಪ್ಪು ಕಲೆ ಉಳಿಸಬೇಕಿತ್ತು. ಹನಿ ಕೆಸುವಿನೆಲೆಯ ಮೇಲೆ ಕೂತ ಹಾಗೆ ದುಂಡಗೆ ಕೂತಿತು. ಸ್ವಲ್ಪ ಓರೆ ಮಾಡಿದಳು. ಉರುಳಿ ಬಿದ್ದುಹೋಯಿತು.

ಆಗ ಅವಳು ತಾನೇ ಕಟ್ಟಿಕೊಂಡು ಬಂದ ಮಡಿಯನ್ನು ಮುರಿದು ಬರಿಗೈಯಲ್ಲಿ ಕಡ್ಡಿಯನ್ನು ಸವರಿ, ಬೆರಳನ್ನು ಮೂಗಿಗೆ ಹಿಡಿದಳು. ಅಗಸೆ ಎಣ್ಣೆ.

ಅಗಸೆ ಎಣ್ಣೆಯ ವಾಸನೆ ಆ ವಾರ ಅಲ್ಲಿ ಯಾರ ಮೂಗಿಗೂ ಹೊಸತಾಗಿರಲಿಲ್ಲ, ಅದೇ ಎಡವಟ್ಟಾದದ್ದು. ಬೆಂಕಿಯ ಕಾಲ ಶುರುವಾಗುವ ಮುಂಚೆ ದಳದ ಗುದ್ದಲಿ, ಕೊಡಲಿ, ಸಲಿಕೆ, ಬಡಿಗೆ ಎಲ್ಲದರ ಮರದ ಕಾವುಗಳಿಗೂ ಎಣ್ಣೆ ಹಚ್ಚಬೇಕು. ಇಲ್ಲದಿದ್ದರೆ ಒಣಹವೆಗೆ ಸೀಳು ಬಿಟ್ಟು, ಬೇಕಾದ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಮುರಿಯುತ್ತವೆ. ಆ ಕೆಲಸ ಅತ್ತೆಯದು. ಮಾವ ಇದ್ದಾಗಿನಿಂದ ಅತ್ತೆಯದೇ. ಮಂಡಿ ಸವೆದು ಬೆಟ್ಟ ಹತ್ತುವುದು ನಿಂತ ಮೇಲೂ ಜಗುಲಿಯ ಮೇಲೆ ಕೂತು ಹಳೆ ಬಟ್ಟೆಯಲ್ಲಿ ಎಣ್ಣೆ ಅದ್ದಿ ಅದ್ದಿ ಒಂದೊಂದು ಕಾವನ್ನೂ ಮಗುವಿಗೆ ಅಭ್ಯಂಜನ ಮಾಡಿದ ಹಾಗೆ ತಿಕ್ಕುತ್ತಿದ್ದರು. ಇಡೀ ಆಯುಧದ ಕೋಣೆ, ದಳದವರ ಅಂಗೈ, ಬಾಗಿಲ ಚಿಲಕ, ಎಲ್ಲವೂ ಅದೇ ವಾಸನೆ.

ಯಾಕಕ್ಕ ಜಗುಲಿಗೆ ಬಂದಾಗ ಅತ್ತೆ ಹಿಂದಿನಂತೆಯೇ ಕಾಲು ಚಾಚಿ ಕೂತಿದ್ದರು.

"ಅತ್ತೆ, ಈ ಸಲ ಎಣ್ಣೆ ಯಾವ ಯಾವುದಕ್ಕೆ ಹಚ್ಚಿದ್ರಿ?"

"ಎಲ್ಲದಕ್ಕೂ. ಯಾಕೆ, ಯಾವುದಾದ್ರೂ ಬಿಟ್ಟುಹೋಯ್ತಾ?"

"ಬೇಲಿಯ ಒಳಗೆ ಹೋಗಿದ್ರಾ?"

"ಹೂಂ. ಆ ನಾಲ್ಕು ಹನಿ ಮಳೆ ಬಂದ ದಿನ ನೀನು ಪೇಟೆಗೆ ಹೋಗಿದ್ದೆ, ಬಾಗಿಲು ತೆಗೆದಿತ್ತು." ಅತ್ತೆಯ ಮುಖದಲ್ಲಿ ಹೆಮ್ಮೆ ಇಣುಕಿತು. "ಆ ನಿನ್ನ ಕೋಲು ನೋಡಿ ನನಗೆ ಕರುಳು ಚುರುಕ್ ಅಂತು ಕಣೇ. ದಿನಾ ಅದನ್ನ ಅಷ್ಟು ಮುದ್ದು ಮಾಡ್ತೀಯ, ಮೈಯೆಲ್ಲ ಬಿರುಕು ಬಿಟ್ಟು ಬೂದಿ ಹಿಡಿದಿತ್ತು. ಒಂದು ತೊಟ್ಟು ಎಣ್ಣೆ ಕಾಣಿಸಿಲ್ಲ ಅದಕ್ಕೆ. ಎರಡು ಸುತ್ತು ಹಚ್ಚಿ, ಒರೆಸಿ, ಹೇಗಿತ್ತೋ ಹಾಗೇ ಮಲಗಿಸಿದೆ. ಯಾರೂ ಮಾಡದೇ ಇರೋ ಕೆಲಸ ಮಾಡಿದ್ದೀನಿ."

ಎಲ್ಲವೂ ಒಂದೇ ಏಟಿಗೆ ಬಿಡಿಸಿಕೊಂಡಿತು. ಕೋಲು ತೂಗುತ್ತಿದ್ದ ಹೆಚ್ಚಿನ ತೂಕದಲ್ಲಿ ಅರ್ಧ ನೀರಲ್ಲ, ಎಣ್ಣೆ. ಮಳೆ ಬಂದ ದಿನವೇ ಹಚ್ಚಿದ್ದರಿಂದ ಏರಿದ್ದೆಲ್ಲ ಮಳೆಯ ಲೆಕ್ಕಕ್ಕೆ ಹೋಯಿತು. ಎಣ್ಣೆ ಕುಡಿದ ಮರ ಗಾಳಿಯ ಜೊತೆ ಮಾತು ಬಿಟ್ಟಿತು, ಅದಕ್ಕೇ ಇಳಿಯಲಿಲ್ಲ. ಹಾಗಾದರೆ ಬೆಟ್ಟದ ಹುಲ್ಲು ಹದಿಮೂರಲ್ಲ. ಮೂಡಣದ ಹಾಗೆ ಆರೋ, ಅದಕ್ಕೂ ಕಡಿಮೆಯೋ. ಮೇಲೆ ಮೈದುನ ಬೆಂಕಿ ಹನಿಸುವ ಡಬ್ಬಿ ಹಿಡಿದು ನಿಂತಿದ್ದಾನೆ, ಕೆಳಗೆ ಮನೆಗಳಿವೆ, ನೀರಿನ ಗಾಡಿ ಊರಲ್ಲಿಲ್ಲ.

"ಅದಕ್ಕೆ ಎಣ್ಣೆ ಹಚ್ಚಬಾರದಿತ್ತು ಅತ್ತೆ" ಎಂದವಳೇ ಆಯುಧದ ಕೋಣೆಗೆ ಓಡಿ ವೈರ್‌ಲೆಸ್ ಎತ್ತಿಕೊಂಡಳು. "ಮೇಸ್ತ್ರಿ, ಮೇಸ್ತ್ರಿ, ಹಚ್ಚಬೇಡ! ಕೇಳಿಸ್ತಾ?"

ಕರಕರ ಸದ್ದಿನ ನಡುವೆ ಅವನ ದನಿ ಬಂತು. "ಏನತ್ತಿಗೆ, ಈಗ ಮುಚ್ಚಳ ಬಿಚ್ಚಿದ್ದೀನಿ."

"ಮುಚ್ಚು. ಕೋಲು ಸುಳ್ಳು ಹೇಳ್ತಿದೆ."

"ಕೋಲಾ? ಸುಳ್ಳಾ? ಯಾರು ಹೇಳಿದ್ದು?" ಅವನ ಹಿಂದೆ ದಳದವರು ನಕ್ಕದ್ದೂ ಕೇಳಿಸಿತು. ಆ ಯಂತ್ರದಲ್ಲಿ ಒಬ್ಬರ ಮಾತು ಎಲ್ಲರ ಕಿವಿಗೂ ಬೀಳುತ್ತದೆ. "ಕಾರಣ ಹೇಳು ಅತ್ತಿಗೆ. ಕಾರಣ ಇಲ್ಲದೆ ನಿಲ್ಲಿಸಿದ್ರೆ ನಾಳೆ ಇವರೆಲ್ಲರ ಕೈಲಿ ಗುದ್ದಲಿ ಹಿಡಿಸಬೇಕು. ನನ್ನ ಹಿಡಿದು ತಿಂದುಬಿಡ್ತಾರೆ."

ಕಾರಣ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ಅತ್ತೆಯ ವಿಷಯ. ಇಡೀ ದಳದ ಮುಂದೆ, ವರ್ಷಕ್ಕೊಮ್ಮೆ ಮಾಡುವ ಒಂದೇ ಒಂದು ಕೆಲಸದಲ್ಲಿ ಅತ್ತೆ ಎಡವಿದರೆಂದು ಹೇಗೆ ಹೇಳುವುದು? ಗುಂಡಿ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

ಹಿಂದಿನಿಂದ ಒಂದು ಸುಕ್ಕುಗಟ್ಟಿದ ಕೈ ಬಂದು ವೈರ್‌ಲೆಸ್ಸನ್ನು ಕಿತ್ತುಕೊಂಡಿತು. ಅತ್ತೆ ಏದುಸಿರು ಬಿಡುತ್ತ ಬಾಗಿಲಿಗೆ ಒರಗಿ ನಿಂತಿದ್ದರು. ಅಂಗಳ ದಾಟಿ ಆ ಮಂಡಿಯಲ್ಲಿ ಅವರು ಹೇಗೆ ಬಂದರೋ.

"ಲೋ! ನಾನೇ ಕಣೋ ಎಣ್ಣೆ ಹಚ್ಚಿದ್ದು! ಕೋಲಿಗೆ! ಎರಡು ಸುತ್ತು!" ಎಂದು ಇಡೀ ಬೆಟ್ಟಕ್ಕೆ ಕೇಳಿಸುವಂತೆ ಕೂಗಿದರು. "ಹಚ್ಚಬಾರದಂತೆ! ನನಗೆ ಯಾವ ಬೃಹಸ್ಪತಿ ಹೇಳಿದ್ದ? ನೀನು ಬೆಂಕಿ ಹಚ್ಚಿದ್ರೆ ಬಂದು ಕಾಲು ಮುರೀತೀನಿ!"

ಮೇಲೆ ನಗು ನಿಂತಿತು. ಅತ್ತೆ ಉಸಿರು ಎಳೆದುಕೊಳ್ಳುವಾಗ ಗುಂಡಿಯ ಮೇಲಿನ ಬೆರಳು ಒಂದಿಷ್ಟು ಸಡಿಲವಾಯಿತು. ಆ ಸಂದಿನಲ್ಲಿ ಮೇಸ್ತ್ರಿಯ ದನಿ, ತಗ್ಗಿದ್ದು: "ಅಮ್ಮಾ, ಗುಂಡಿ ಬಿಡು, ಆಗಲೇ ನಾನು ಮಾತಾಡಕ್ಕಾಗೋದು." ಅತ್ತೆಗೆ ಗುಂಡಿ ಯಾವುದೆಂದು ಗೊತ್ತಿರಲಿಲ್ಲ. ಯಾಕಕ್ಕ ಮೆತ್ತಗೆ ಅವರ ಬೆರಳು ಬಿಡಿಸಿದಳು.

"ಅತ್ತಿಗೆ, ನೀನೇ ಬಾ ಮೇಲೆ," ಎಂದ ಮೈದುನ. "ಕೋಲು ತಪ್ಪು, ಸರಿ. ಅದಕ್ಕೆ ಹುಲ್ಲೂ ತಪ್ಪು ಅಂತ ಹೇಗೆ ಹೇಳೋದು? ಒಂದು ಮಂಚದಗಲ ಸುಟ್ಟು ನೋಡೋಣ. ಹದವಾಗಿ ಉರಿದ್ರೆ ಮುಂದುವರಿಯೋದು. ಇಲ್ಲಾಂದ್ರೆ ಬಿಡೋದು."

ಇದು ಹಳೆಯ ಪದ್ಧತಿಯೇ. ಕೋಲು ಬರುವ ಮೊದಲು ಮಾವನ ಕಾಲದಲ್ಲಿ ಹೀಗೆಯೇ ಹದ ನೋಡುತ್ತಿದ್ದರು. ಬೇಡವೆನ್ನಲು ಯಾಕಕ್ಕನಿಗೆ ಮನಸ್ಸಿತ್ತು, ಆದರೆ ಉರಿ ಹೇಗೆ ಓಡುತ್ತದೆಂದು ನೋಡುವ ಆಸೆ ಅದಕ್ಕಿಂತ ದೊಡ್ಡದಿತ್ತು. ಸುಳ್ಳೇಕೆ, ಅವಳು ಏರುದಾರಿಯನ್ನು ಹುಡುಗಿಯ ಹಾಗೆ ಹತ್ತಿದಳು.

ಇಳಿಜಾರಿನಲ್ಲಿ ದಳದವರು ಒಂದು ಮಂಚದಷ್ಟು ಹುಲ್ಲನ್ನು ನಡುವೆ ಬಿಟ್ಟು, ಸುತ್ತಲೂ ಎರಡು ಗುದ್ದಲಿಯಗಲ ಮಣ್ಣು ಕಾಣುವಂತೆ ಕೆರೆದಿದ್ದರು. ನಾಲ್ಕು ಜನ ಬಡಿಗೆ ಹಿಡಿದು ಮೇಲಿನ ಅಂಚಿನಲ್ಲಿ ನಿಂತರು, ಯಾಕೆಂದರೆ ಬೆಂಕಿ ಏರು ಹತ್ತುತ್ತದೆ, ಅದು ಎಲ್ಲರಿಗೂ ಗೊತ್ತು. ಮೇಸ್ತ್ರಿ ಕೆಳ ಅಂಚಿನಲ್ಲಿ ಬಾಗಿ ಡಬ್ಬಿಯ ಮೂತಿಯಿಂದ ಒಂದೇ ಒಂದು ಹನಿ ಬೆಂಕಿ ಬಿಟ್ಟ.

ಯಾಕಕ್ಕ ಕೆನ್ನೆ ನೆಲಕ್ಕೆ ತಾಗುವಂತೆ ಬಗ್ಗಿ ನೋಡುತ್ತಿದ್ದಳು. ಹದವಾದ ಹುಲ್ಲಿನಲ್ಲಿ ಉರಿ ಮೊದಲು ಸ್ವಲ್ಪ ಯೋಚನೆ ಮಾಡುತ್ತದೆ. ಬಿಳಿ ಹೊಗೆ ಬಿಡುತ್ತದೆ, ಪಕ್ಕದ ಕಡ್ಡಿಯನ್ನು ಕೇಳಿಕೊಂಡು ಹೋಗುತ್ತದೆ. ಇದು ಯಾರನ್ನೂ ಕೇಳಲಿಲ್ಲ. ಹೊಗೆಯೇ ಇಲ್ಲದೆ, ಚಟಪಟ ಎನ್ನುತ್ತ, ಯಾರೋ ಕಿತ್ತಳೆ ಬಣ್ಣದ ಚಾಪೆಯನ್ನು ಒಂದೇ ಎಳೆತಕ್ಕೆ ಬಿಚ್ಚಿದ ಹಾಗೆ ಮೇಲಂಚಿಗೆ ಬಂದು ಎದ್ದು ನಿಂತಿತು. ಉದ್ದಪ್ಪನ ಹುಬ್ಬು ಸುಟ್ಟಿತು. "ಬಡಿಯಿರೋ!" ಎಂದ ಮೇಸ್ತ್ರಿ. ಬಡಿದರು. ಮಂಚದಗಲದ ಬೆಂಕಿಗೆ ನಾಲ್ಕು ಜನ ಗಂಡಸರು ಬೆವರಿ ನೀರಾದರು. ಕೊನೆಗೂ ಆರಿತು.

"ನೋಡಿದ್ರಾ, ನಿಂತಿತಲ್ಲ!" ಎಂದು ಉದ್ದಪ್ಪ ಗೆದ್ದವನಂತೆ ಹುಬ್ಬು ಸವರಿಕೊಂಡ. ಎಲ್ಲರೂ ಮೇಲೆ ನೋಡುತ್ತಿದ್ದರು.

ಯಾಕಕ್ಕ ಬಗ್ಗಿದ್ದರಿಂದಲೋ ಏನೋ, ಅವಳಿಗೆ ಮಾತ್ರ ಬೆನ್ನ ಹಿಂದೆ ಚಟ್ ಎಂದ ಸಣ್ಣ ಸದ್ದು ಕೇಳಿಸಿತು. ತಿರುಗಿದಳು. ಕೆರೆದ ಮಣ್ಣಿನ ಆಚೆ, ತಮಗೂ ಮನೆಗಳಿಗೂ ನಡುವೆ, ಹುಲ್ಲಿನ ಬುಡದಲ್ಲಿ ಒಂದು ಕೆಂಪು ನಾಲಿಗೆ ಆಗಷ್ಟೇ ಹೊರಬರುತ್ತಿತ್ತು.

"ಕೆಳಗೆ! ಕೆಳಗೆ ಹತ್ತಿದೆ!"

ಆಮೇಲಿನದು ಮಾತಿಗೆ ಸಿಗುವುದಲ್ಲ. ಯಾರು ಯಾರನ್ನು ತಳ್ಳಿಕೊಂಡು ಹೋದರೋ, ಯಾರು ಯಾರ ಕಾಲ ಮೇಲೆ ಬಡಿದರೋ. ಮೇಸ್ತ್ರಿ ಅಂಗಿ ಕಳಚಿ ಅದರಲ್ಲೇ ಬಡಿದ. ಯಾಕಕ್ಕ ಕೈಗೆ ಸಿಕ್ಕ ಸಲಿಕೆಯಲ್ಲಿ ಮಣ್ಣು ಎರಚಿದಳು. ಉರಿ ಎಡಕ್ಕೆ ಹಾರಿತು, ಬಲಕ್ಕೆ ಹಾರಿತು, ಒಂದು ಒಕ್ಕಣೆಯ ಕಣದಷ್ಟು ನೆಲ ಕಪ್ಪಾಯಿತು. ಇಳಿಜಾರಿನಲ್ಲಿ ಕೆಳಗೆ ಹೋಗುವ ಬೆಂಕಿ ನಿಧಾನ ಎನ್ನುವುದೊಂದೇ ಅವರನ್ನು ಉಳಿಸಿದ್ದು. ಮೊದಲ ಮನೆಯ ಬೇಲಿಗೆ ಕೂಗಳತೆಯಷ್ಟು ದೂರವೂ ಇಲ್ಲದಲ್ಲಿ ಅದು ಕೊನೆಯುಸಿರು ಬಿಟ್ಟಿತು. ಮೇಸ್ತ್ರಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ, ಇನ್ನು ತಿರುಗದು ಎನ್ನುವಷ್ಟು ಬಿಗಿ ಮಾಡಿದ.

"ಗುದ್ದಲಿ ತಗೊಳ್ರಪ್ಪಾ," ಎಂದ. "ಕೆರೆಯೋದೇ."

ಯಾರೂ ಗೊಣಗಲಿಲ್ಲ. ಕರಿ ಮುಖಗಳಲ್ಲಿ ಕಣ್ಣುಗಳಷ್ಟೇ ಹೊಳೆಯುತ್ತಿದ್ದವು. ವೈರ್‌ಲೆಸ್ಸಿನಲ್ಲಿ ಅತ್ತೆ, "ಏನಾಯ್ತೋ? ಹೊಗೆ ಯಾಕೋ ಬರ್ತಿದೆ? ಬಾಯಲ್ಲಿ ಏನು ತುರುಕ್ಕೊಂಡಿದ್ದೀರೋ?" ಎಂದು ಒಂದೇ ಸಮನೆ ಕೂಗುತ್ತಿದ್ದರು. ಉತ್ತರ ಕೊಡೋಣವೆಂದರೆ ಅವರು ಗುಂಡಿ ಬಿಡುತ್ತಲೇ ಇರಲಿಲ್ಲ.

ಯಾಕಕ್ಕ ಮಾತ್ರ ಕೆರೆದ ಮಣ್ಣಿನ ಕೆಳ ಅಂಚಿನಲ್ಲಿ ಮಂಡಿಯೂರಿ ಏನನ್ನೋ ಹುಡುಕುತ್ತಿದ್ದಳು.

"ಅತ್ತಿಗೆ, ಉಂಗುರ ಬಿತ್ತಾ?"

"ಮಣ್ಣು ತಿಂದು ಬೆಂಕಿ ಬದುಕಲ್ಲ. ಮತ್ತೆ ಇಷ್ಟಗಲ ಮಣ್ಣನ್ನ ಅದು ದಾಟಿದ್ದು ಹೇಗೆ?"

"ಕಿಡಿ ಹಾರಿರುತ್ತೆ."

"ಗಾಳಿ ಮೇಲಕ್ಕೆ ಬೀಸ್ತಿತ್ತು. ಕಿಡಿ ಕೆಳಗೆ ಯಾಕೆ ಬರುತ್ತೆ?"

ಮೇಸ್ತ್ರಿ ಗುದ್ದಲಿಯ ಮೇಲೆ ಗದ್ದವೂರಿ ನಿಂತ. ಅವಳು ಮಣ್ಣಿನ ಮೇಲೆ ಸಣ್ಣದೊಂದು ಗೆರೆಯನ್ನು ಬೆರಳಲ್ಲಿ ಹಿಂಬಾಲಿಸುತ್ತ ಹೋದಳು. ಇರುವೆ ಎಳೆದ ಹಾಗಿದ್ದ ಬೂದಿಯ ಗೆರೆ. ಅದು ಹೋಗಿ ಮುಗಿದ ಕಡೆ, ಕಪ್ಪು ಹುಲ್ಲಿನ ಬುಡದಲ್ಲಿ, ಗೋಲಿಯಷ್ಟು ದಪ್ಪದ ಒಂದು ಕಾಯಿ ಇತ್ತು. ಇಳಿಜಾರಿನ ಮುಳ್ಳು ಪೊದೆಗಳಲ್ಲಿ ಒಣಗಿ ಉದುರುವ ಅಂಥದೇ ಕಾಯಿಗಳು ಅಲ್ಲಿ ಲೆಕ್ಕವಿಲ್ಲದಷ್ಟು ಬಿದ್ದಿದ್ದವು. ಹೊರಗೆ ಇದ್ದಿಲಾಗಿತ್ತು, ಒಡೆದು ನೋಡಿದರೆ ಒಳಗೆ ಇನ್ನೂ ಕೆಂಡ.

"ಉರುಳ್ಕೊಂಡು ಬಂದಿದೆ!" ಎಂದಳು, ಕಳೆದುಹೋದ ಮಗು ಸಿಕ್ಕವಳಂತೆ. "ನೋಡಿಲ್ಲಿ. ಉರೀತಾ ಉರೀತಾ ಉರುಳಿದೆ. ಎಷ್ಟಗಲ ಕೆರೆದ್ರೂ ಇದು ದಾಟುತ್ತೆ."

ದಳದವರು ಸುತ್ತ ನೆರೆದು ಆ ಪುಟಾಣಿ ಕಾಯಿಯನ್ನು ಹೆಬ್ಬಾವನ್ನು ನೋಡುವ ಹಾಗೆ ನೋಡಿದರು. ಉದ್ದಪ್ಪ ಕೇಳಿದ: "ಹಾಗಾದ್ರೆ ನಾವು ಕೆರೆಯೋದು ದಂಡವಾ ಅಕ್ಕ?"

"ದಂಡ ಯಾಕೆ? ಕೆಳ ಅಂಚಲ್ಲಿ ಒಂದು ಗೇಣು ಕಾಲುವೆ ತೋಡಿ, ಮಣ್ಣನ್ನ ಆಚೆಗೆ ಏರಿ ಕಟ್ಟಿದ್ರೆ? ಉರುಳಿ ಬಂದಿದ್ದು ಅದರೊಳಗೆ ಬಿದ್ದು ತೆಪ್ಪಗೆ ಮಲಗುತ್ತೆ."

"ಗೇಣು ಕಾಲುವೆ," ಎಂದ ಮೇಸ್ತ್ರಿ, ವಸತಿಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸುತ್ತ. "ಉದ್ದಕ್ಕೂ."

"ಉದ್ದಕ್ಕೂ."

"ಬೆಳಿಗ್ಗೆ ಚಹಾ ಕುಡಿಯೋವಾಗ ನನಗೆ ಊಟದ ಹೊತ್ತಿಗೆ ಮುಗಿಯೋ ಕೆಲಸ ಇತ್ತು. ಆಮೇಲೆ ಅದು ವಾರದ ಕೆಲಸ ಆಯ್ತು. ಈಗ ಹದಿನೈದು ದಿನದ್ದಾಯ್ತು. ನೀನು ಇನ್ನೊಂದು ಸಲ ಬಗ್ಗಿ ನೋಡಬೇಡ ಅತ್ತಿಗೆ, ಕೈ ಮುಗಿತೀನಿ." ಹಾಗೆನ್ನುತ್ತಲೇ ಅವನು ಗುದ್ದಲಿಯನ್ನು ತಲೆಯ ಮೇಲಕ್ಕೆತ್ತಿ, ಅವಳು ಬೆರಳಿಟ್ಟು ತೋರಿಸಿದಲ್ಲೇ ಮೊದಲ ಏಟು ಹಾಕಿದ. ಕಾಲುವೆಯ ಮಣ್ಣು ಆಚೆಗೆ ಬಿತ್ತು.

ಯಾಕಕ್ಕ ಸಲಿಕೆ ಹಿಡಿದು ಅವನ ಹಿಂದೆ ಏರಿ ಕಟ್ಟುತ್ತ ಬಂದಳು. ಸ್ವಲ್ಪ ದೂರ ಕಟ್ಟಿದ ಮೇಲೆ ಮೇಲಿನಿಂದ ಒಂದು ಒಣ ಕಾಯಿಯನ್ನು ಕಾಲಲ್ಲಿ ಒದ್ದು ಬಿಟ್ಟಳು. ಅದು ಇಳಿಜಾರಿನಲ್ಲಿ ಕುಪ್ಪಳಿಸುತ್ತ ಬಂದು, ಕೆರೆದ ಮಣ್ಣು ದಾಟಿ, ಕಾಲುವೆಯೊಳಗೆ ಬಿದ್ದು ನಿಂತಿತು. ಇನ್ನೊಂದು ಒದ್ದಳು. ಅದೂ ನಿಂತಿತು. ಮೂರನೆಯದು ಏರಿಯ ಮೇಲೆ ಪುಟಿದು ಆಚೆಗೆ ಹಾರಿಹೋಯಿತು.

ಮೇಸ್ತ್ರಿ ಬೆನ್ನು ಬಗ್ಗಿಸಿಕೊಂಡೇ, ತಿರುಗಿ ಕೂಡ ನೋಡದೆ, "ಎಷ್ಟು ಎತ್ತರ ಮಾಡಬೇಕು, ಅದನ್ನ ಹೇಳಿಬಿಡು" ಎಂದ.